ಹೊತ್ತು ಮೀರುವ ಮುನ್ನ

(ಮುಖ್ಯೋಪಾಧ್ಯಾಯರ ಮೇಜಿನಿಂದ)



ಕಳೆದ ತಿಂಗಳು ಈ ಪುಟದಲ್ಲಿ ಮಕ್ಕಳ ಕೈಬರಹದ ವಿಚಾರವಾಗಿ ನಾಲ್ಕು ಮಾತು ಬರೆದಿದ್ದೆನು. ಅನೇಕ ತಾಯಂದಿರು ಮೆಚ್ಚಿ ಪತ್ರ ಬರೆದಿದ್ದಾರೆ; ಅವರಿಗೆಲ್ಲ ವಂದನೆಗಳು. ಈ ತಿಂಗಳ ವಿಷಯ ಅಷ್ಟು ಸರಾಗವಾದುದಲ್ಲ. ಮನೆಯ ಹಿರಿಯರೂ ಕಿರಿಯರೂ ಒಟ್ಟಿಗೆ ಓದುವ ಪತ್ರಿಕೆಯಲ್ಲಿ ಗರ್ಭನಿರೋಧದ ಮಾತನ್ನು, ಅದರಲ್ಲಿಯೂ ಹಳ್ಳಿಯ ಶಾಲೆಯ ಉಪಾಧ್ಯಾಯನೊಬ್ಬನು ಆಡಬಹುದೇ ಎಂಬ ಅಳುಕು ನನ್ನನ್ನು ಬಹುದಿನ ಕಾಡಿತು. ಕೊನೆಗೆ ನನ್ನ ಶ್ರೀಮತಿಯವರೇ, "ಓದುವುದಕ್ಕೆ ಕಲಿಸಿದವರು ನೀವು. ಓದಬೇಕಾದುದನ್ನು ಬರೆಯುವುದಕ್ಕೆ ಯಾಕೆ ಹಿಂಜರಿಯುತ್ತೀರಿ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದುದರಿಂದ ಈ ಬರಹ.

ನಮ್ಮ ತಾಳವಾಡಿ ಸೀಮೆಯನ್ನು ಕಾಣದ ಓದುಗರಿಗಾಗಿ ಒಂದು ಮಾತು. ಆಡಳಿತದ ಲೆಕ್ಕದಲ್ಲಿ ನಾವು ತಮಿಳುನಾಡಿನ ಈರೋಡು ಜಿಲ್ಲೆಯವರು. ಬಹುಮಂದಿಯ ಮನೆಮಾತು ಕನ್ನಡ. ಉತ್ತರಕ್ಕೆ ನಡೆದರೆ ಚಾಮರಾಜನಗರದ ನಾಡು. ದಕ್ಷಿಣಕ್ಕೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದರೆ ಸತ್ಯಮಂಗಲದ ಬಯಲು. ನಡುವೆ ಕಾಡು, ಸಂಜೆಯಾಯಿತೆಂದರೆ ಆನೆಗಳ ಭಯ. ಪೇಟೆಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ನಮ್ಮಲ್ಲಿ ಒಂದು ಹಗಲು ಬೇಕು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ಕೆಲವು ವರ್ಷಗಳ ಹಿಂದಿನ ಯುಗಾದಿಯ ಸಂದರ್ಭ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು (ಅವಳ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ) ಎರಡನೆಯ ಮಗುವಿನ ತಾಯಿಯಾಗಿದ್ದಳು. ಮಗುವಿಗೆ ಆಗ ಒಂಬತ್ತು ತಿಂಗಳು. ಎರಡು ಹೆರಿಗೆಗಳೂ ಕಷ್ಟದಿಂದಲೇ ಆಗಿದ್ದುದರಿಂದ ಇನ್ನು ಮೂರು ವರ್ಷ ಬಸಿರಾಗಕೂಡದೆಂದು ವೈದ್ಯರು ಎಚ್ಚರಿಸಿದ್ದರು. ಗಂಡ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ದುಡಿಯುವವನು. ಒಳ್ಳೆಯ ಹುಡುಗ, ಎಚ್ಚರದ ಹುಡುಗ. ಹಬ್ಬಕ್ಕೆಂದು ಬಂದಿದ್ದನು. ಹಬ್ಬದ ಮರುದಿನ, ಗುರುವಾರ ರಾತ್ರಿ, ಅವರು ಬಳಸುತ್ತಿದ್ದ ನಿರೋಧ್ ಹರಿದುಹೋಯಿತು. ಯಾರ ತಪ್ಪೂ ಅಲ್ಲ. ಶುಕ್ರವಾರ ಬೆಳಗ್ಗೆ ಗಂಡ ಕೆಲಸಕ್ಕೆ ಹೊರಟುಹೋದನು.

ಮೈಸೂರಿನಲ್ಲಿರುವ ನಾದಿನಿಯೊಡನೆ ಅವಳು ಫೋನಿನಲ್ಲಿ ಅಳುತ್ತ ಹೇಳಿಕೊಂಡಾಗ, "ಅದಕ್ಕೊಂದು ಮಾತ್ರೆಯುಂಟು ಅತ್ತಿಗೆ, ಬೇಗ ತಕ್ಕೊಳ್ಳಿ" ಎಂಬ ಮಾತು ಬಂದಿತು. ಶನಿವಾರ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಬ್ಯಾಂಕಿನ ಕೆಲಸವೆಂದು ಸುಳ್ಳು ಹೇಳಿ, ಬಸ್ಸು ಹತ್ತಿ ಘಾಟಿಯ ಕೆಳಗಿನ ಪೇಟೆಗೆ ಹೋದಳು. ಎರಡು ಔಷಧಿ ಅಂಗಡಿಗಳಲ್ಲಿ ಕೇಳಿದಳು. ಒಬ್ಬರು ಇಲ್ಲವೆಂದರು. ಇನ್ನೊಬ್ಬರು, "ಅಂಥದ್ದನ್ನೆಲ್ಲ ನಾವು ಇಡುವುದಿಲ್ಲ" ಎಂದು ತಮಿಳಿನಲ್ಲಿ ಗಟ್ಟಿಯಾಗಿಯೇ ಹೇಳಿದರಂತೆ. ಸುತ್ತ ನಿಂತಿದ್ದವರು ತಿರುಗಿ ನೋಡಿದರು. ಸೆರಗು ಎಳೆದುಕೊಂಡು ಬಸ್‌ನಿಲ್ದಾಣಕ್ಕೆ ಬಂದವಳು ಮತ್ತೆ ಮೂರನೆಯ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಭಾನುವಾರ ಕೂಸಿಗೆ ಜ್ವರ. ಸೋಮವಾರ, ಮಂಗಳವಾರ ಚಾಮರಾಜನಗರಕ್ಕೆ ಹೋಗಿಬರೋಣವೆಂದರೆ ಮನೆಯಲ್ಲಿ ಏನೆಂದು ಹೇಳುವುದು? ಬುಧವಾರ ಸಂಜೆ ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಬಂದು ನನ್ನ ಶ್ರೀಮತಿಯವರ ಮುಂದೆ ಕುಳಿತು ಅತ್ತಳು.

ಇವರು ಆಗಲೇ ಅವಳನ್ನು ಕರೆದುಕೊಂಡು ಆರೋಗ್ಯ ಉಪಕೇಂದ್ರದ ನರ್ಸಮ್ಮನವರ ಬಳಿಗೆ ಹೋದರು. ನರ್ಸಮ್ಮ ಬೀರು ತೆರೆದು ಒಂದು ಪೆಟ್ಟಿಗೆಯನ್ನು ಹೊರಗೆ ತೆಗೆದರು. ಮಾತ್ರೆ ಅಲ್ಲಿಯೇ ಇತ್ತು. ಅವಳ ಮನೆಯಿಂದ ಒಂದು ಮೈಲಿ ದೂರದಲ್ಲಿ, ಕಾಸಿಲ್ಲದೆ ಕೊಡುವ ಸರ್ಕಾರದ ಮಾತ್ರೆ, ಗುರುವಾರ ರಾತ್ರಿಯೂ ಶುಕ್ರವಾರವೂ ಶನಿವಾರವೂ ಅಲ್ಲಿಯೇ ಇತ್ತು. ಕೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರೆಂಬ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟೋ ಸಲ ವಿವರಿಸಿದ್ದೇನೆ. ಅದರ ಅರ್ಥ ನನಗೆ ಆಗಿದ್ದು ಅಂದು. ನರ್ಸಮ್ಮ ದಿನಗಳನ್ನು ಎಣಿಸಿ ತಲೆಯಾಡಿಸಿದರು. ಐದು ದಿನ ಕಳೆದುಹೋಗಿತ್ತು. ಪೆಟ್ಟಿಗೆಯ ಮೇಲೆ ಮುದ್ರಿಸಿದ್ದ ಅವಧಿಯೂ ಇನ್ನೆರಡು ತಿಂಗಳಲ್ಲಿ ತೀರುವುದರಲ್ಲಿತ್ತು. "ಯಾರೂ ಕೇಳೋರೇ ಇಲ್ಲ ಅಮ್ಮಾವ್ರೆ. ಹೋದ ಸಲವೂ ಹಾಗೇ ವಾಪಸು ಕಳಿಸಿದೆ" ಎಂದರಂತೆ.

ಮುಂದಿನದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಸಿರು ನಿಂತಿತು. ಅದನ್ನು ಆಸ್ಪತ್ರೆಯಲ್ಲಿ ಕಾನೂನಿನ ಪ್ರಕಾರವೇ ತೆಗೆಸಬಹುದೆಂಬುದು ಅವಳಿಗೆ ತಿಳಿಯದು. ನಮ್ಮನ್ನು ಮತ್ತೆ ಕೇಳಲು ಸಂಕೋಚ. ಯಾರೋ ತಂದುಕೊಟ್ಟ ಹೆಸರಿಲ್ಲದ ಮಾತ್ರೆಗಳನ್ನು ನುಂಗಿದಳು. ರಕ್ತ ಹರಿದು ಪ್ರಜ್ಞೆ ತಪ್ಪಿದವಳನ್ನು ರಾತ್ರಿ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ಎರಡು ಬಾಟಲಿ ರಕ್ತ ಕೊಟ್ಟ ಮೇಲೆ ಜೀವ ಉಳಿಯಿತು. ಹಾಲು ಬತ್ತಿಹೋಯಿತು, ಕೂಸು ಬಾಟಲಿಗೆ ಬಿತ್ತು. ತಿಂಗಳೆರಡಾದ ಮೇಲೆ ನೋಡಲು ಹೋದಾಗ ಅವಳು ನನ್ನನ್ನು ಕೇಳಿದ ಮಾತು ಇದು: "ಮೇಷ್ಟ್ರೇ, ಅಷ್ಟೆಲ್ಲ ಪಾಠ ಹೇಳ್ಕೊಟ್ರಿ. ಇದೊಂದನ್ನ ಯಾಕೆ ಹೇಳ್ಕೊಡ್ಲಿಲ್ಲ?"

ಈ ಹೊತ್ತು ಅವಳಿಗೆ ಸಲ್ಲಬೇಕಾಗಿದ್ದ ಪಾಠವನ್ನು ನಿಮ್ಮ ಮುಂದೆ ಒಪ್ಪಿಸುತ್ತಿದ್ದೇನೆ. ನರ್ಸಮ್ಮನವರಿಂದಲೂ ವೈದ್ಯರಿಂದಲೂ ಕೇಳಿ ತಿಳಿದು, ಓದಿ ಖಚಿತಪಡಿಸಿಕೊಂಡ ಸಂಗತಿಗಳು ಇವು.

ಈ ಮಾತ್ರೆಗೆ ತುರ್ತು ಗರ್ಭನಿರೋಧಕ ಮಾತ್ರೆ ಎಂದು ಹೆಸರು. ಇದರಲ್ಲಿರುವ ಔಷಧ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು, ಪ್ರಮಾಣ 1.5 ಮಿಲಿಗ್ರಾಂ. ಮೊದಲು 0.75 ಮಿಲಿಗ್ರಾಮಿನ ಎರಡು ಮಾತ್ರೆಗಳನ್ನು 12 ಗಂಟೆಗಳ ಅಂತರದಲ್ಲಿ ಕೊಡುತ್ತಿದ್ದರು; ಈಗ ಒಂದೇ ಮಾತ್ರೆ ಸಾಕು. ಬಳಸಿದ ಸಾಧನ ಕೈಕೊಟ್ಟಾಗ, ದಿನವೂ ನುಂಗುವ ಮಾತ್ರೆ ಮರೆತಾಗ, ಏನನ್ನೂ ಬಳಸದೆ ಕೂಡಿದಾಗ, ಅಥವಾ ಹೆಣ್ಣಿನ ಮೇಲೆ ಬಲಾತ್ಕಾರ ನಡೆದಾಗ, ಅನಪೇಕ್ಷಿತ ಬಸಿರನ್ನು ತಡೆಯುವುದಕ್ಕೆ ಇದು. 72 ಗಂಟೆಗಳ, ಎಂದರೆ ಮೂರು ದಿನಗಳ ಒಳಗೆ ತೆಗೆದುಕೊಳ್ಳಬೇಕು. ಐದನೆಯ ದಿನದವರೆಗೆ ಅಲ್ಪಸ್ವಲ್ಪ ಫಲ ಉಂಟಾದರೂ ಅದು ಕುಗ್ಗುತ್ತ ಹೋಗುತ್ತದೆ.

ಕುಗ್ಗುವುದೆಂದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯು ನಡೆಸಿದ ಒಂದು ದೊಡ್ಡ ಅಧ್ಯಯನ 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೆಕ್ಕದ ಮೇಷ್ಟರಾಗಿ ಅದನ್ನು ಹೀಗೆ ಹೇಳುತ್ತೇನೆ: ಮಾತ್ರೆಯಿಲ್ಲದೆ ಹೋಗಿದ್ದರೆ ನೂರು ಬಸಿರು ನಿಲ್ಲಬಹುದಾಗಿದ್ದ ಕಡೆ, ಮೊದಲ 24 ಗಂಟೆಗಳೊಳಗೆ ನುಂಗಿದವರಲ್ಲಿ 95 ತಪ್ಪಿದವು, ಎರಡನೆಯ ದಿನ ನುಂಗಿದವರಲ್ಲಿ 85, ಮೂರನೆಯ ದಿನ ನುಂಗಿದವರಲ್ಲಿ 58. ಮಾತ್ರೆ ಒಂದೇ, ಹೆಂಗಸರೂ ಅಂಥವರೇ; ವ್ಯತ್ಯಾಸವಾದುದು ಹೊತ್ತು ಮಾತ್ರ. ನನ್ನ ಶಿಷ್ಯೆ ಕಳೆದುಕೊಂಡದ್ದೂ ಹೊತ್ತನ್ನೇ. ಆದುದರಿಂದ 'ಮೂರು ದಿನ ಇದೆಯಲ್ಲ' ಎಂದು ಕುಳಿತಿರದೆ, 'ಈ ಗಂಟೆಯೇ' ಎಂದು ಎದ್ದು ಹೋಗಬೇಕು.

ಇನ್ನೊಂದು ಮುಖ್ಯ ಮಾತು. ಇದು ಗರ್ಭ ಕಳೆಯುವ ಔಷಧವಲ್ಲ. ಅಂಡಾಶಯದಿಂದ ಅಂಡವು ಹೊರಬರುವುದನ್ನು ತಡೆಯುವುದು ಅಥವಾ ತಡಮಾಡುವುದು ಇದರ ಕೆಲಸ. ಅಂಡ ಹೊರಬಾರದಿದ್ದರೆ ಗರ್ಭವೇ ಕಟ್ಟುವುದಿಲ್ಲ. ಆಗಲೇ ಬಸಿರು ನಿಂತಿದ್ದರೆ ಈ ಮಾತ್ರೆ ಅದನ್ನು ತೆಗೆಯಲಾರದು. ತಿಳಿಯದೆ ನುಂಗಿದ್ದರೆ ಹುಟ್ಟುವ ಮಗುವಿಗೆ ಕೇಡೂ ಇಲ್ಲ. ಹೊತ್ತು ಮುಖ್ಯವೆಂದು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇದೇ ಕಾರಣ. ಬೀಜ ಬಿದ್ದ ಮೇಲೆ ಬೇಲಿ ಹಾಕುವ ಔಷಧ ಇದಲ್ಲ.

ನುಂಗಿದ ಮೇಲೆ ಕೆಲವರಿಗೆ ಓಕರಿಕೆ, ತಲೆನೋವು, ಆಯಾಸ, ಎದೆ ಬಿಗಿತ ಕಾಣಿಸಿಕೊಳ್ಳುತ್ತದೆ. ಒಂದೆರಡು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆಯನ್ನು ಬೇಗನೆ ತೆಗೆದುಕೊಳ್ಳಬೇಕು. ಮುಂದಿನ ಮುಟ್ಟು ಕೆಲವು ದಿನ ಮುಂಚೆಯೋ ತಡವಾಗಿಯೋ ಬರಬಹುದು. ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎದೆಹಾಲು ಕುಡಿಸುವ ತಾಯಿಯೂ ತೆಗೆದುಕೊಳ್ಳಬಹುದು. ಮುಂದೆ ಮಕ್ಕಳಾಗುವುದಿಲ್ಲವೆಂಬ ಮಾತು ಬರಿಯ ಪುಕಾರು. ಕ್ಷಯರೋಗದ ರಿಫಾಂಪಿಸಿನ್ ಅಥವಾ ಮೂರ್ಛೆರೋಗದ ಕೆಲವು ಮಾತ್ರೆಗಳನ್ನು ನುಂಗುತ್ತಿರುವವರಲ್ಲಿ ಇದರ ಬಲ ಕಡಿಮೆಯಾಗುತ್ತದೆ. ಅಂಥವರು ವೈದ್ಯರಿಗೆ ಅದನ್ನು ಹೇಳಲೇಬೇಕು.

ಮಾತ್ರೆಗಿಂತಲೂ ಬಲವಾದ ಉಪಾಯ ಇನ್ನೊಂದುಂಟು. ಐದು ದಿನಗಳೊಳಗೆ ತಾಮ್ರದ ವಂಕಿಯನ್ನು, ಎಂದರೆ ಕಾಪರ್-ಟಿಯನ್ನು ಹಾಕಿಸಿಕೊಂಡರೆ ನೂರಕ್ಕೆ 99ಕ್ಕಿಂತ ಹೆಚ್ಚು ರಕ್ಷಣೆ; ಅಲ್ಲದೆ ಮುಂದೆ ವರ್ಷಗಟ್ಟಲೆ ಚಿಂತೆಯಿಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಕುವ 380-ಎ ಎಂಬ ಬಗೆಯದು ಹತ್ತು ವರ್ಷ ಬರುತ್ತದೆ, ಬೇಡವೆಂದಾಗ ತೆಗೆಸಬಹುದು. ನನ್ನ ಶಿಷ್ಯೆ ಸೋಮವಾರ ಬಂದಿದ್ದರೂ ಈ ಬಾಗಿಲು ತೆರೆದೇ ಇತ್ತು.

ಮಾತ್ರೆಯನ್ನು ನಿತ್ಯದ ಉಪಾಯವನ್ನಾಗಿ ಮಾಡಿಕೊಳ್ಳಬಾರದು. ಅಪಾಯವೆಂದಲ್ಲ, ನಿತ್ಯದ ಸಾಧನಗಳಷ್ಟು ಅದು ನಂಬಿಕೆಯದಲ್ಲ. ಲೈಂಗಿಕ ರೋಗಗಳಿಂದಲೂ ಅದು ಕಾಪಾಡುವುದಿಲ್ಲ. ಒಮ್ಮೆ ನುಂಗಿದ ಮೇಲೆ, ಅದೇ ತಿಂಗಳಲ್ಲಿ ಮತ್ತೆ ಕೂಡಿದರೆ ಅದಕ್ಕೆ ರಕ್ಷಣೆಯಿಲ್ಲ. ಆದುದರಿಂದ ಮಾತ್ರೆ ಕೇಳಲು ಹೋದ ದಿನವೇ ನಿರೋಧ್, ಮಾಲಾ-ಎನ್, ವಾರದ ಲೆಕ್ಕದ ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ವಂಕಿ ಇವುಗಳಲ್ಲಿ ತನಗೆ ಯಾವುದು ಒಗ್ಗುತ್ತದೆಂದು ಕೇಳಿ ತಿಳಿಯಬೇಕು. ಇವೆಲ್ಲವೂ ಸರ್ಕಾರದ ಕುಟುಂಬ ಯೋಜನೆಯಲ್ಲಿ ಉಂಟು.

ಈಗ ಈ ಮಾತ್ರೆ ನಮ್ಮ ಹಳ್ಳಿಗೆ ಬಂದ ಬಗೆಯನ್ನು ನೋಡೋಣ. ಭಾರತದಲ್ಲಿ ಇದಕ್ಕೆ ಅನುಮತಿ ದೊರೆತದ್ದು 2001ರಲ್ಲಿ. ಮುಂದಿನ ಒಂದೆರಡು ವರ್ಷಗಳಲ್ಲಿಯೇ ರಾಷ್ಟ್ರೀಯ ಕುಟುಂಬ ಕಲ್ಯಾಣ ಕಾರ್ಯಕ್ರಮಕ್ಕೆ ಸೇರಿತು. 2005ರಲ್ಲಿ ಕೇಂದ್ರ ಸರ್ಕಾರವು ವೈದ್ಯರ ಚೀಟಿಯಿಲ್ಲದೆ ಅಂಗಡಿಗಳಲ್ಲಿ ಮಾರಲು ಅವಕಾಶ ಕೊಟ್ಟಿತು. 2011ರಲ್ಲಿ ಆಶಾ ಕಾರ್ಯಕರ್ತೆಯರು ಗರ್ಭನಿರೋಧಕಗಳನ್ನು ಮನೆಬಾಗಿಲಿಗೆ ತಲುಪಿಸುವ ಯೋಜನೆ 233 ಜಿಲ್ಲೆಗಳಲ್ಲಿ ಆರಂಭವಾಗಿ, 2012ರ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಮೂರು ನಿರೋಧ್‌ಗಳ ಪೊಟ್ಟಣಕ್ಕೆ ಒಂದು ರೂಪಾಯಿ, ತಿಂಗಳ ಮಾತ್ರೆಗೆ ಒಂದು ರೂಪಾಯಿ, ತುರ್ತು ಮಾತ್ರೆಗೆ ಎರಡು ರೂಪಾಯಿ ಎಂದು ಆ ಯೋಜನೆ ನಿಗದಿಮಾಡಿತು. ಉಪಕೇಂದ್ರಕ್ಕೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ನಾವೇ ಹೋದರೆ ಅದೂ ಇಲ್ಲ. ಅಲ್ಲಿ ಕೊಡುವ ಮಾತ್ರೆಯ ಪೊಟ್ಟಣದ ಮೇಲೆ ಈಜಿ ಪಿಲ್ ಎಂಬ ಹೆಸರು ಕಾಣುತ್ತದೆ.

ತಮಿಳುನಾಡಿನ ಔಷಧಿ ಅಂಗಡಿಗಳಲ್ಲಿ ಈ ಮಾತ್ರೆ ಸುಲಭವಾಗಿ ಸಿಗುವುದಿಲ್ಲವೆಂಬುದನ್ನು ಪತ್ರಿಕೆಗಳು ಹಲವಾರು ವರ್ಷಗಳಿಂದ ಬರೆಯುತ್ತ ಬಂದಿವೆ. ಕೇಂದ್ರದ ಕಾನೂನು ಮಾರಾಟವನ್ನು ತಡೆಯದಿದ್ದರೂ ಅಂಗಡಿಯವರು ತರಿಸುವುದಿಲ್ಲ. ಗಡಿಯ ಆಚೆ ಚಾಮರಾಜನಗರದಲ್ಲಿ ಕೇಳಿ ಪಡೆಯಬಹುದಾದುದು ಈಚೆ ಪಿಸುಮಾತಿನ ವಸ್ತುವಾಗಿದೆ. ಹೀಗಿರುವಾಗ ನಮ್ಮಂಥ ಊರಿನ ಬಡ ಹೆಣ್ಣುಮಗಳಿಗೆ ಉಳಿದಿರುವ ಹತ್ತಿರದ ಬಾಗಿಲು ಒಂದೇ: ಸರ್ಕಾರದ ಉಪಕೇಂದ್ರ. ಆ ಬಾಗಿಲು ಇದೆಯೆಂಬುದೇ ಅವಳಿಗೆ ತಿಳಿಯದಿದ್ದರೆ?

ಏಕೆ ತಿಳಿಯಲಿಲ್ಲವೆಂದು ನಾನು ಉಪಕೇಂದ್ರಕ್ಕೆ ಹೋಗಿ ನೋಡಿದೆನು. ಗೋಡೆಯ ಮೇಲೆ ಚಿತ್ರಪಟಗಳು ಬೇಕಾದಷ್ಟಿದ್ದವು, ಎಲ್ಲವೂ ತಮಿಳಿನಲ್ಲಿ. ಮಾತ್ರೆಯ ಪೊಟ್ಟಣದ ಮೇಲೆ ಇಂಗ್ಲಿಷು, ಹಿಂದಿ. ನನ್ನ ಶಿಷ್ಯೆ ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದಿದವಳು. ತರಗತಿಯಲ್ಲಿ ಅವಳಷ್ಟು ಸ್ಪಷ್ಟವಾಗಿ ಪಾಠ ಓದುವವರು ಇರಲಿಲ್ಲ. ಮಗುವಿನ ಲಸಿಕೆಗೆಂದು ಆರು ಸಲ ಆ ಗೋಡೆಯ ಎದುರಿಗೇ ಕುಳಿತಿದ್ದಳು. ರಾಜ್ಯದ ಭಾಷೆಯನ್ನು ನಾವು ಕಲಿಯಬೇಕು, ಕಲಿಯುತ್ತಲೂ ಇದ್ದೇವೆ. ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಇಂಥ ಮಾತು ತಾಯ್ನುಡಿಯಲ್ಲಿ ಬಾರದಿದ್ದರೆ ಮನಸ್ಸಿಗೆ ಇಳಿಯುವುದಿಲ್ಲ. ಕಾಸರಗೋಡಿನ ಓದುಗರಿಗೆ ಮಲಯಾಳದಲ್ಲಿ, ಅಕ್ಕಲಕೋಟೆಯವರಿಗೆ ಮರಾಠಿಯಲ್ಲಿ, ರಾಯದುರ್ಗದವರಿಗೆ ತೆಲುಗಿನಲ್ಲಿ ಇದೇ ಅನುಭವ ಆಗಿರಬಹುದು.

ಇದರಿಂದ ಒಂದು ವಿಷವರ್ತುಲ ಹುಟ್ಟುತ್ತದೆ. ತಿಳಿಯದುದರಿಂದ ಯಾರೂ ಕೇಳುವುದಿಲ್ಲ. ಕೇಳದುದರಿಂದ ಮಾತ್ರೆಗಳು ಅವಧಿ ಮೀರಿ ಹಿಂದಿರುಗುತ್ತವೆ. ಹಿಂದಿರುಗಿದುದರಿಂದ ಮುಂದಿನ ಸಲ ಕಡಿಮೆ ತರಿಸುತ್ತಾರೆ, ಅಥವಾ ತರಿಸುವುದೇ ಇಲ್ಲ. ಕಡೆಗೆ 'ಈ ಊರಿನಲ್ಲಿ ಇದಕ್ಕೆ ಬೇಡಿಕೆಯಿಲ್ಲ' ಎಂದು ಕಾಗದದ ಮೇಲೆ ದಾಖಲಾಗುತ್ತದೆ. ಬೇಡಿಕೆಯಿಲ್ಲದ ಊರಿನಲ್ಲಿಯೇ ಹೆಣ್ಣೊಬ್ಬಳು ರಕ್ತ ಹರಿದು ಜೀಪಿನಲ್ಲಿ ಮಲಗಿದ್ದಳು.

ನಾನೂ ನರ್ಸಮ್ಮನವರೂ ಕುಳಿತು ಅರ್ಧ ಹಾಳೆಯಷ್ಟು ಕನ್ನಡದಲ್ಲಿ ಬರೆದೆವು. ಎರಡು ಬಾರಿ ಬರೆದು ಹರಿದೆನು. ನನ್ನ ಪುಸ್ತಕದ ಕನ್ನಡ ನರ್ಸಮ್ಮನವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಅವರು ಹೇಳಿದಂತೆಯೇ ಬರೆದೆನು: "ಬಸಿರು ಬೇಡ, ಆದರೆ ಹೆಚ್ಚುಕಡಿಮೆ ಆಗಿಹೋಯಿತು ಅನ್ನಿಸಿದರೆ, ಅವತ್ತೇ ಬನ್ನಿ. ಮೂರು ದಿನ ದಾಟಿಸಬೇಡಿ. ಮಾತ್ರೆ ಇದೆ, ದುಡ್ಡಿಲ್ಲ, ಯಾರಿಗೂ ಹೇಳುವುದಿಲ್ಲ." ಉಪಕೇಂದ್ರದ ಗೋಡೆಗೆ ಒಂದು ಪ್ರತಿ, ಮಹಿಳಾ ಸ್ವಸಹಾಯ ಸಂಘಗಳ ಪುಸ್ತಕಗಳಲ್ಲಿ ಒಂದೊಂದು ಪ್ರತಿ. ಸಂಘದ ಸಭೆಯಲ್ಲಿ ನನ್ನ ಶ್ರೀಮತಿಯವರೂ ನರ್ಸಮ್ಮನವರೂ ಮಾತನಾಡಿದರು; ನಾನು ಹೊರಗೆ ಜಗಲಿಯ ಮೇಲೆ ಕುಳಿತಿದ್ದೆನು.

ಅಲ್ಲಿಯೇ ಊರಿನ ಯಜಮಾನರೊಬ್ಬರು ನನ್ನನ್ನು ಹಿಡಿದರು. "ಏನು ಮೇಷ್ಟ್ರೇ, ಇಸ್ಕೂಲು ಬಿಟ್ಟು ಇದಕ್ಕೂ ಕೈ ಹಾಕಿದಿರಾ? ಇಂಥ ಮಾತ್ರೆ ಕೈಗೆ ಸಿಕ್ಕಿದರೆ ಊರು ಕೆಟ್ಟುಹೋಗುವುದಿಲ್ಲವಾ?" ಎಂದರು. ನಾನು, "ಯಜಮಾನರೇ, ಆಸ್ಪತ್ರೆಯಲ್ಲಿ ಹಾವಿನ ಕಡಿತಕ್ಕೆ ಔಷಧ ಇಟ್ಟಿದ್ದಾರೆಂದು ಯಾರಾದರೂ ಹುತ್ತಕ್ಕೆ ಕೈ ಹಾಕಿದ್ದುಂಟೇ?" ಎಂದೆನು. ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಮೆಲ್ಲಗೆ, "ಆವತ್ತೂ 'ತುರ್ತು' ಅಂತಲೇ ಹೇಳಿದ್ದರು ಮೇಷ್ಟ್ರೇ" ಎಂದರು.

ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. 1976ರ ತುರ್ತು ಪರಿಸ್ಥಿತಿಯ ದಿನಗಳನ್ನು ಅವರು ಕಂಡವರು. ನಾನು ಆಗ ಒಂದನೆಯ ತರಗತಿಯ ಹುಡುಗ. ಆ ಒಂದು ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕಿಂತ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಎಷ್ಟೋ ಕಡೆ ಬಲವಂತದಿಂದ. ಹಲವು ರಾಜ್ಯಗಳಲ್ಲಿ ಉಪಾಧ್ಯಾಯರಿಗೂ ಇಷ್ಟು ಜನರನ್ನು ಕರೆತರಬೇಕೆಂಬ ಗುರಿಯಿತ್ತು. 1977ರಲ್ಲಿ ಸರ್ಕಾರ ಬದಲಾಗಿ ಕುಟುಂಬ ಯೋಜನೆಗೆ ಕುಟುಂಬ ಕಲ್ಯಾಣವೆಂಬ ಹೆಸರಾಯಿತು. ಮೇಲಿನಿಂದ ಗುರಿ ಹೇರುವ ಪದ್ಧತಿಯನ್ನು 1996ರಲ್ಲಿ ಕೈಬಿಡಲಾಯಿತು. ಆದರೂ ನಂಬಿಕೆ ಒಮ್ಮೆ ಮುರಿದರೆ ಬೆಸೆಯುವುದು ನಿಧಾನ. ಯಜಮಾನರಿಗೆ ನಾನು ಹೇಳಿದುದು ಇಷ್ಟೇ: ಆವತ್ತಿನ ತುರ್ತು ಸರ್ಕಾರದ್ದು, ಈವತ್ತಿನದು ಆ ಹೆಣ್ಣಿನದು. ಆವತ್ತು ಅವರು ನಮ್ಮನ್ನು ಹುಡುಕಿಕೊಂಡು ಬಂದರು. ಈವತ್ತು ಕೇಳಿದವರಿಗೆ ಕೊಡುತ್ತಾರೆ, ಬೇಡವೆಂದವರನ್ನು ಬಿಡುತ್ತಾರೆ. ಬೇಡವೆನ್ನುವ ಹಕ್ಕಿಲ್ಲದ ಕಡೆ ಬೇಕೆನ್ನುವ ಹಕ್ಕಿಗೂ ಬೆಲೆಯಿಲ್ಲ.

ಇನ್ನೊಂದು ನೆನಪು ನಮ್ಮ ನೆರೆಯದೇ. ಸರ್ಕಾರವೇ ನಡೆಸುವ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು 1930ರಲ್ಲಿಯೇ ಮೈಸೂರು ಸಂಸ್ಥಾನವು ಮುಂದಾಯಿತು. ಜಗತ್ತಿನಲ್ಲಿಯೇ ಅದು ಮೊದಲಿನದೆಂದು ಹೇಳುತ್ತಾರೆ. ನಮ್ಮ ಸೀಮೆ ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1952ರಲ್ಲಿ ಭಾರತವು ಕುಟುಂಬ ಯೋಜನೆಯನ್ನು ರಾಷ್ಟ್ರದ ಕಾರ್ಯಕ್ರಮವನ್ನಾಗಿ ಕೈಗೊಂಡಿತು. ಇಷ್ಟು ಹಳೆಯ ಪರಂಪರೆಯಿದ್ದರೂ ಇಂದಿಗೂ ನಮ್ಮ ದೇಶದಲ್ಲಿ ಕುಟುಂಬ ಯೋಜನೆಯೆಂದರೆ ಬಹುಪಾಲು ಹೆಂಗಸರ ಆಪರೇಷನ್ನೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 38ರಷ್ಟು ಮಂದಿ ಅದನ್ನು ಮಾಡಿಸಿಕೊಂಡವರು. ದಂಪತಿಗಳು ನಿರೋಧ್ ಬಳಸುವ ಪ್ರಮಾಣ ಹತ್ತಕ್ಕೂ ಕಡಿಮೆ. ಮಕ್ಕಳು ಸಾಕೆನ್ನುವವರಿಗೆ ದಾರಿಯಿದೆ. 'ಈಗ ಬೇಡ, ಮುಂದೆ ನೋಡೋಣ' ಎನ್ನುವವರಿಗೂ, 'ತಪ್ಪಿಹೋಯಿತು, ಏನು ಮಾಡಲಿ' ಎನ್ನುವವರಿಗೂ ದಾರಿ ತೋರುವವರು ಕಡಿಮೆ.

ಎರಡು ಕಾನೂನುಗಳನ್ನೂ ತಿಳಿದಿರಬೇಕು. ಬಲಾತ್ಕಾರಕ್ಕೆ ಒಳಗಾದ ಹೆಣ್ಣಿಗೆ ಯಾವ ಆಸ್ಪತ್ರೆಯೇ ಆಗಲಿ, ಸರ್ಕಾರದ್ದಿರಲಿ ಖಾಸಗಿಯದಿರಲಿ, ಕೂಡಲೇ ಉಚಿತ ಚಿಕಿತ್ಸೆ ಕೊಡಲೇಬೇಕೆಂದು 2013ರಲ್ಲಿ ಕಾನೂನಾಯಿತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಅದು ಉಂಟು. ತುರ್ತು ಮಾತ್ರೆಯೂ ಆ ಚಿಕಿತ್ಸೆಯ ಭಾಗವೆಂದು ಆರೋಗ್ಯ ಇಲಾಖೆಯ ಮಾರ್ಗಸೂಚಿ ಹೇಳುತ್ತದೆ. ಎರಡನೆಯದು, ಮಾತ್ರೆಯ ಹೊತ್ತು ಮೀರಿ ಬಸಿರು ನಿಂತೇಬಿಟ್ಟರೆ ಅನುಸರಿಸಬೇಕಾದುದು. 1971ರ ಕಾಯಿದೆ, 2021ರ ತಿದ್ದುಪಡಿಯೊಡನೆ, ಗರ್ಭನಿರೋಧಕ ವಿಫಲವಾದ ಕಾರಣಕ್ಕೂ 20 ವಾರಗಳವರೆಗೆ ಅರ್ಹ ವೈದ್ಯರಿಂದ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. ಕದ್ದು ತಂದ ಮಾತ್ರೆಯನ್ನು ನುಂಗಿ ಜೀವ ಕಳೆದುಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ಓದುಗ ಕುಟುಂಬಗಳಲ್ಲಿ ನನ್ನ ವಿನಂತಿ ಕಷ್ಟದ್ದೇನಲ್ಲ. ಗಂಡಂದಿರು ಕೇಳಬೇಕು: ನಿರೋಧ್ ಹರಿದರೆ ಮರುದಿನ ಬಸ್ಸು ಹತ್ತಿ ಹೋಗಿಬಿಡುವುದು ಗಂಡಸುತನವಲ್ಲ, ಉಪಕೇಂದ್ರದವರೆಗೆ ಹೆಂಡತಿಯ ಜೊತೆಗೆ ನಡೆದು, ಆಮೇಲೆ ಬಸ್ಸು ಹತ್ತಬೇಕು. ಅತ್ತೆಯಂದಿರಲ್ಲಿ ಬಿನ್ನಹ: ಸೊಸೆ ಅರ್ಧ ದಿನ ಕೂಸನ್ನು ನೋಡಿಕೊಳ್ಳಿರೆಂದರೆ ಏಕೆಂದು ಕೆದಕಬೇಡಿ, ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲವೆನ್ನುವಾಗ, ಆ ಕಾಲದಲ್ಲಿ ಬಾಣಂತನದಲ್ಲಿ ತೀರಿಹೋದ ಒಡಹುಟ್ಟಿದವರನ್ನು ನೆನೆಯಿರಿ. ತಾಯಂದಿರು ಮದುವೆಯಾಗಿ ಹೋಗುವ ಮಗಳಿಗೆ ಬಳೆ ಸೀರೆಗಳ ಜೊತೆಗೆ ಈ ಒಂದು ಮಾತನ್ನೂ ಕಟ್ಟಿಕೊಡಲಿ. ಆಶಾ ಇರುವ ಊರುಗಳಲ್ಲಿ ಅವರನ್ನು, ಇಲ್ಲದ ಕಡೆ ನರ್ಸಮ್ಮನವರನ್ನು ಈಗಲೇ, ಅಗತ್ಯ ಬೀಳುವ ಮೊದಲೇ ಕೇಳಿರಿ: "ಆ ಮಾತ್ರೆ ನಿಮ್ಮಲ್ಲಿ ಇದೆಯೇ? ಅವಧಿ ಎಂದಿನವರೆಗೆ?" ಇಲ್ಲವೆಂದರೆ ತರಿಸಿರೆಂದು ಹೇಳಿ. ನೀವು ಕೇಳಿದರೆ ತರಿಸುತ್ತಾರೆ. ನನ್ನಂಥ ಉಪಾಧ್ಯಾಯರಿಗೆ: ನಿಮ್ಮ ಊರಿನ ಉಪಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಅರ್ಧ ಹಾಳೆ ಬರೆದು ಅಂಟಿಸಲು ಒಂದು ಸಂಜೆ ಸಾಕು, ಬರೆದುದನ್ನು ಮೊದಲು ನರ್ಸಮ್ಮನವರಿಗೆ ತೋರಿಸಿರಿ.

ನಮ್ಮ ಊರಿನಲ್ಲಿ ಎಷ್ಟು ಮಂದಿ ಕೇಳಿದರೆಂದು ನಾನು ವಿಚಾರಿಸಿಲ್ಲ. ನರ್ಸಮ್ಮನವರು ಹೇಳುವವರೂ ಅಲ್ಲ. ಯಾರಿಗೂ ಹೇಳುವುದಿಲ್ಲವೆಂದು ಗೋಡೆಯ ಮೇಲೆ ಬರೆದಿದ್ದೇವಲ್ಲ! ಆದರೆ ಕಳೆದ ಮಾಘದಲ್ಲಿ ಶಾಲೆಗೆ ಮಕ್ಕಳ ತಪಾಸಣೆಗೆ ಬಂದಾಗ ಅವರು ಹೋಗುತ್ತ ಹೋಗುತ್ತ, "ಮೇಷ್ಟ್ರೇ, ಈ ಸಲ ಮಾತ್ರೆ ವಾಪಸು ಕಳಿಸಲಿಲ್ಲ. ಇನ್ನೂ ಸ್ವಲ್ಪ ಬೇಕು ಅಂತ ಬರೆದುಕೊಟ್ಟೆ" ಎಂದರು. ನನ್ನ ಶಿಷ್ಯೆ ಈಗ ವಂಕಿ ಹಾಕಿಸಿಕೊಂಡು, ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಾಳೆ. ಹೊಸದಾಗಿ ಸೇರುವ ಸೊಸೆಯಂದಿರಿಗೆ ಆ ಅರ್ಧ ಹಾಳೆಯನ್ನು ಓದಿ ಹೇಳುವ ಕೆಲಸವನ್ನು ಅವಳೇ ವಹಿಸಿಕೊಂಡಿದ್ದಾಳೆ. ಹಿಂದೆ ತರಗತಿಯಲ್ಲಿ ಓದುತ್ತಿದ್ದಷ್ಟೇ ಸ್ಪಷ್ಟವಾಗಿ ಓದುತ್ತಾಳೆಂದು ನನ್ನ ಶ್ರೀಮತಿಯವರು ಹೇಳಿದರು.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.